ದೂರದ ಸೈಕಲ್ ಸವಾರಿಗಳಲ್ಲಿ ಅಪಾಯ ನಿರ್ವಹಣೆ

ದೂರದ ಸೈಕಲ್ ಸವಾರಿಗಳಲ್ಲಿ ಅಪಾಯ ನಿರ್ವಹಣೆ ಎಂದರೆ ನೂರಾರು ಅಥವಾ ಸಾವಿರಾರು ಕಿಲೋಮೀಟರ್ ದೂರವನ್ನು ಹೊರಗಿನ ನೆರವಿಲ್ಲದೆ ಸೈಕಲ್ ಮೇಲೆ ಕ್ರಮಿಸುವವರು ಎದುರಾಗಬಹುದಾದ ಅಪಾಯಗಳನ್ನು ಮುಂಚಿತವಾಗಿ ಗುರುತಿಸಿ, ಅವುಗಳ ಸಾಧ್ಯತೆಯನ್ನೂ ಪರಿಣಾಮವನ್ನೂ ಕಡಿಮೆ ಮಾಡಿಕೊಳ್ಳುವ ವಿಧಾನ. ಸವಾರನು ತನ್ನ ಬಟ್ಟೆ, ಆಹಾರ, ಉಪಕರಣ ಮತ್ತು ಹಾಸಿಗೆಯನ್ನು ಸೈಕಲ್ಲಿಗೇ ಕಟ್ಟಿಕೊಂಡು ಹಳ್ಳಿ, ಕಾಡು, ಬೆಟ್ಟಗಳ ಹಾದಿಯಲ್ಲಿ ಸಾಗುವ ಕ್ರಮಕ್ಕೆ ಬೈಕ್‌ಪ್ಯಾಕಿಂಗ್ ಎಂದು ಹೆಸರು. ಇದೇ ಕ್ರಮದಲ್ಲಿ ನಡೆಯುವ ಸ್ಪರ್ಧೆಗಳು ಉತ್ತರ ಅಮೆರಿಕ, ಯುರೋಪ್, ಆಸ್ಟ್ರೇಲಿಯ ಮತ್ತು ಮಧ್ಯ ಏಷ್ಯಾಗಳಲ್ಲಿವೆ. ಕರ್ನಾಟಕದಲ್ಲಿ ಇದಕ್ಕೆ ಅತ್ಯಂತ ಸಮೀಪದ ರೂಪವೆಂದರೆ ಕಾಲಮಿತಿಯುಳ್ಳ ಬ್ರೆವೆ ಸವಾರಿಗಳು ಹಾಗೂ ಬೆಂಗಳೂರಿನಿಂದ ಪಶ್ಚಿಮ ಘಟ್ಟಗಳ ಕಡೆಗೆ ಸಾಗುವ ಸ್ವಾವಲಂಬಿ ಪ್ರವಾಸಗಳು.

ಇಂತಹ ಸವಾರಿಗಳ ಅಪಾಯವೆಂದರೆ ಕಾಡುಮೃಗ, ಹಾವು, ಕಡಿದಾದ ಕಣಿವೆ ಎಂಬ ಕಲ್ಪನೆ ಸಾಮಾನ್ಯ. ಆದರೆ ದೂರದ ಸ್ಪರ್ಧೆಗಳಲ್ಲಿ ದಾಖಲಾದ ಪ್ರಮುಖ ಸಾವುಗಳು ಸಂಭವಿಸಿರುವುದು ಮೋಟಾರು ವಾಹನಗಳು ಓಡಾಡುವ ದಾರಿಗಳಲ್ಲಿ. ಇದಕ್ಕೆ ನಿದ್ರಾಹೀನತೆ ಮತ್ತು ಕತ್ತಲೆಗಳು ಸೇರಿದಾಗ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಸಿದ್ಧತೆಯ ಬಹುಭಾಗ ಚೀಲದಲ್ಲಿ ಏನಿದೆ ಎಂಬುದಕ್ಕಿಂತ, ಯಾವ ಹೊತ್ತಿಗೆ ಎಲ್ಲಿರಬೇಕು ಮತ್ತು ಯಾವಾಗ ನಿಲ್ಲಬೇಕು ಎಂಬ ನಿರ್ಧಾರಗಳಿಗೆ ಸಂಬಂಧಿಸಿದ್ದು.

ಹಿನ್ನೆಲೆ

ದೂರದ ಸೈಕಲ್ ಸವಾರಿಯ ಅತ್ಯಂತ ಹಳೆಯ ಕಾರ್ಯಕ್ರಮಗಳಲ್ಲಿ ಒಂದು ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. ಇದು 1891ರಲ್ಲಿ ಸ್ಪರ್ಧೆಯಾಗಿ ಆರಂಭವಾಯಿತು. ಇಂದು ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಸುಮಾರು 1,200 ಕಿ.ಮೀ.ಗಳ ಈ ಸವಾರಿಯನ್ನು ಮುಗಿಸಲು ಗರಿಷ್ಠ 90 ಗಂಟೆಗಳ ಅವಕಾಶವಿದೆ. ಇದನ್ನು ನಡೆಸುವ ಔಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಸಂಸ್ಥೆಯ ಮಾನ್ಯತೆಯಡಿ ಅನೇಕ ದೇಶಗಳಲ್ಲಿ ಬ್ರೆವೆಗಳು ನಡೆಯುತ್ತವೆ. ಭಾರತದಲ್ಲಿ ಔಡಾಕ್ಸ್ ಇಂಡಿಯಾ ರ‍್ಯಾಂಡನರ್ಸ್ ಸಂಸ್ಥೆ ಇವುಗಳ ಹೊಣೆ ಹೊತ್ತಿದೆ. ಬೆಂಗಳೂರಿನಲ್ಲಿ ಬೆಂಗಳೂರು ರ‍್ಯಾಂಡನರ್ಸ್ ಮೊದಲಾದ ಕ್ಲಬ್‌ಗಳು ಇವನ್ನು ಏರ್ಪಡಿಸುತ್ತ ಬಂದಿವೆ.

ಬ್ರೆವೆ ಸ್ಪರ್ಧೆಯಲ್ಲ, ಇಲ್ಲಿ ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. ನಿಗದಿತ ಕಾಲದೊಳಗೆ, ನಿಗದಿತ ತಪಾಸಣಾ ಕೇಂದ್ರಗಳನ್ನು ಹಾದು ಬರುವುದಷ್ಟೇ ಗುರಿ. ಕಾಲಮಿತಿಗಳು ಹೀಗಿವೆ:

• 200 ಕಿ.ಮೀ. – 13 ಗಂಟೆ 30 ನಿಮಿಷ
• 300 ಕಿ.ಮೀ. – 20 ಗಂಟೆ
• 400 ಕಿ.ಮೀ. – 27 ಗಂಟೆ
• 600 ಕಿ.ಮೀ. – 40 ಗಂಟೆ
• 1,000 ಕಿ.ಮೀ. – 75 ಗಂಟೆ

ಎರಡು ತಪಾಸಣಾ ಕೇಂದ್ರಗಳ ನಡುವೆ ಬೆಂಬಲ ವಾಹನದ ನೆರವು ಪಡೆಯುವಂತಿಲ್ಲ. ಪಂಕ್ಚರ್ ಆದರೆ ಸವಾರನೇ ಸರಿಪಡಿಸಿಕೊಳ್ಳಬೇಕು. ಊಟ, ನೀರು, ವಿಶ್ರಾಂತಿಗಳನ್ನು ದಾರಿಯಲ್ಲಿ ತಾನೇ ಹೊಂದಿಸಿಕೊಳ್ಳಬೇಕು. ರಾತ್ರಿ ವೇಳೆ ಮುಂದಿನ ಹಾಗೂ ಹಿಂದಿನ ದೀಪ ಮತ್ತು ಬೆಳಕನ್ನು ಪ್ರತಿಫಲಿಸುವ ಮೇಲಂಗಿ ಕಡ್ಡಾಯ. ಭಾರತದ ಬ್ರೆವೆಗಳಲ್ಲಿ ಶಿರಸ್ತ್ರಾಣವೂ ಕಡ್ಡಾಯವಾಗಿದೆ.

ಬೈಕ್‌ಪ್ಯಾಕಿಂಗ್ ಸ್ಪರ್ಧೆಗಳಲ್ಲಿ ಹೆಸರಾಂತದ್ದು ಟೂರ್ ಡಿವೈಡ್. ಕೆನಡಾದ ಬ್ಯಾನ್ಫ್‌ನಿಂದ ಅಮೆರಿಕ–ಮೆಕ್ಸಿಕೊ ಗಡಿಯ ಆಂಟಲೋಪ್ ವೆಲ್ಸ್‌ವರೆಗೆ ರಾಕಿ ಪರ್ವತಗಳ ಗುಂಟ ಸುಮಾರು 4,400 ಕಿ.ಮೀ. ಸಾಗುವ ಈ ಹಾದಿಯ ಬಹುಭಾಗ ಕಚ್ಚಾ ರಸ್ತೆ. ಯುರೋಪಿನಲ್ಲಿ 2013ರಲ್ಲಿ ಆರಂಭವಾದ ಟ್ರಾನ್ಸ್‌ಕಾಂಟಿನೆಂಟಲ್ ರೇಸ್, ಕಿರ್ಗಿಸ್ತಾನದಲ್ಲಿ 2018ರಲ್ಲಿ ಆರಂಭವಾದ ಸಿಲ್ಕ್ ರೋಡ್ ಮೌಂಟನ್ ರೇಸ್ ಇತರ ಪ್ರಮುಖ ಸ್ಪರ್ಧೆಗಳು. ಅಮೆರಿಕವನ್ನು ಅಡ್ಡಹಾಯುವ ರೇಸ್ ಅಕ್ರಾಸ್ ಅಮೆರಿಕ ಸ್ಪರ್ಧೆಯಲ್ಲಿ ಸವಾರನ ಹಿಂದೆ ಬೆಂಬಲ ತಂಡವಿರುತ್ತದೆ. ಭಾರತೀಯ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ 2017ರಲ್ಲಿ ಅದನ್ನು ಏಕಾಂಗಿ ವಿಭಾಗದಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು.

ಕರ್ನಾಟಕದಲ್ಲಿ ಬೆಂಬಲಸಹಿತ ಮಾದರಿಗೆ ಉದಾಹರಣೆ 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್. ಕರ್ನಾಟಕ, ತಮಿಳುನಾಡು, ಕೇರಳಗಳ ಬೆಟ್ಟಪ್ರದೇಶಗಳಲ್ಲಿ ಹಲವು ದಿನ ನಡೆಯುವ ಈ ಪ್ರವಾಸದಲ್ಲಿ ಬೆಂಬಲ ವಾಹನ, ಮೆಕ್ಯಾನಿಕ್ ಮತ್ತು ವೈದ್ಯಕೀಯ ನೆರವಿನ ವ್ಯವಸ್ಥೆ ಇರುತ್ತದೆ. ಅಲ್ಲಿ ಸಂಘಟಕರು ವಹಿಸಿಕೊಳ್ಳುವ ಕೆಲಸಗಳನ್ನೆಲ್ಲ ಸ್ವಾವಲಂಬಿ ಸವಾರಿಯಲ್ಲಿ ಒಬ್ಬನೇ ವ್ಯಕ್ತಿ ವಹಿಸಿಕೊಳ್ಳುತ್ತಾನೆ.

ಅಪಾಯ ನಿರ್ವಹಣೆಯ ತತ್ತ್ವ

ಅಪಾಯವನ್ನು ಎರಡು ಅಂಶಗಳಿಂದ ಅಳೆಯಲಾಗುತ್ತದೆ: ಘಟನೆ ನಡೆಯುವ ಸಾಧ್ಯತೆ ಮತ್ತು ನಡೆದರೆ ಆಗುವ ಪರಿಣಾಮ. ಪಂಕ್ಚರ್ ಆಗುವ ಸಾಧ್ಯತೆ ಹೆಚ್ಚು, ಪರಿಣಾಮ ಅಲ್ಪ. ಆನೆ ಎದುರಾಗುವ ಸಾಧ್ಯತೆ ಕಡಿಮೆ, ಪರಿಣಾಮ ಘೋರ. ರಾತ್ರಿ ಹೆದ್ದಾರಿಯಲ್ಲಿ ತೂಕಡಿಸುವ ಸಾಧ್ಯತೆಯೂ ಹೆಚ್ಚು, ಪರಿಣಾಮವೂ ಘೋರ. ಆದ್ದರಿಂದ ಮೊದಲು ಗಮನಿಸಬೇಕಾದದ್ದು ಈ ಮೂರನೆಯದು.

ಅಪಾಯವನ್ನು ಎದುರಿಸಲು ನಾಲ್ಕು ಮಾರ್ಗಗಳಿವೆ. ಮೊದಲನೆಯದು ವರ್ಜಿಸುವುದು, ಮಳೆಗಾಲದಲ್ಲಿ ಭೂಕುಸಿತದ ಘಾಟಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ಇದಕ್ಕೆ ಉದಾಹರಣೆ. ಎರಡನೆಯದು ತಗ್ಗಿಸುವುದು, ಎರಡು ದೀಪಗಳನ್ನು ಒಯ್ಯುವುದು ಇಂತಹದು. ಮೂರನೆಯದು ವರ್ಗಾಯಿಸುವುದು, ಅಂದರೆ ವಿಮೆ ಮಾಡಿಸುವುದು. ನಾಲ್ಕನೆಯದು ಅರಿತು ಒಪ್ಪಿಕೊಳ್ಳುವುದು. ಅನುಭವವಿಲ್ಲದ ಸವಾರರು ಅಪಾಯವನ್ನು ಅರಿಯದೆಯೇ ಒಪ್ಪಿಕೊಂಡುಬಿಡುತ್ತಾರೆ. ಅಪಾಯ ನಿರ್ವಹಣೆಯ ಉದ್ದೇಶ ಈ ಅರಿಯದ ಒಪ್ಪಿಗೆಯನ್ನು ಅರಿತ ಒಪ್ಪಿಗೆಯಾಗಿ ಮಾಡುವುದು.

ಪ್ರಮುಖ ಅಪಾಯಗಳು

ರಸ್ತೆ ಮತ್ತು ವಾಹನ ಸಂಚಾರ

ರೇಸ್ ಅಕ್ರಾಸ್ ಅಮೆರಿಕ ಸ್ಪರ್ಧೆಯಲ್ಲಿ 2003 ಮತ್ತು 2005ರಲ್ಲಿ ಸಂಭವಿಸಿದ ಎರಡು ಸಾವುಗಳಿಗೂ ವಾಹನ ಡಿಕ್ಕಿಯೇ ಕಾರಣ. ಕಾಡು–ಬೆಟ್ಟಗಳ ಹಾದಿಯೆಂದು ಹೆಸರಾದ ಟೂರ್ ಡಿವೈಡ್‌ನಲ್ಲಿಯೂ 2010ರಲ್ಲಿ ಓರ್ವ ಸವಾರ ಮೃತಪಟ್ಟದ್ದು ಎದುರಿನಿಂದ ಬಂದ ಪಿಕಪ್ ವಾಹನಕ್ಕೆ ಡಿಕ್ಕಿಯಾಗಿ. ಟ್ರಾನ್ಸ್‌ಕಾಂಟಿನೆಂಟಲ್ ರೇಸ್‌ನ ಸ್ಥಾಪಕ ಹಾಗೂ ಟೂರ್ ಡಿವೈಡ್‌ನ ಅಗ್ರಗಣ್ಯ ಸವಾರ ಮೈಕ್ ಹಾಲ್, ಆಸ್ಟ್ರೇಲಿಯದ ಇಂಡಿಯನ್ ಪೆಸಿಫಿಕ್ ವೀಲ್ ರೇಸ್‌ನಲ್ಲಿ ಭಾಗವಹಿಸುತ್ತಿದ್ದಾಗ 2017ರ ಮಾರ್ಚ್ 31ರಂದು ಬೆಳಗಾಗುವ ಮುನ್ನ ಕ್ಯಾನ್‌ಬೆರಾ ಸಮೀಪದ ಹೆದ್ದಾರಿಯಲ್ಲಿ ಕಾರು ಡಿಕ್ಕಿಯಾಗಿ ಮೃತಪಟ್ಟರು. ಸ್ಪರ್ಧೆಯನ್ನು ಅಲ್ಲಿಗೇ ರದ್ದುಗೊಳಿಸಲಾಯಿತು. ಅನುಭವವು ಸವಾರನ ತಪ್ಪುಗಳನ್ನು ಕಡಿಮೆ ಮಾಡಬಹುದು, ಆದರೆ ಇತರರ ವಾಹನಗಳ ನಡುವೆ ಪೂರ್ಣ ರಕ್ಷಣೆ ನೀಡಲಾರದು ಎಂಬುದನ್ನು ಈ ಘಟನೆಗಳು ತೋರಿಸಿದವು.

ಕರ್ನಾಟಕದಲ್ಲಿ ಈ ಅಪಾಯದ ಸ್ವರೂಪ ಸ್ವಲ್ಪ ಭಿನ್ನ. ವಿಭಜಿತ ಹೆದ್ದಾರಿಗಳಲ್ಲಿ ವಿರುದ್ಧ ದಿಕ್ಕಿನಿಂದ ಬರುವ ವಾಹನಗಳು, ಹಿಂಬದಿ ದೀಪವಿಲ್ಲದೆ ಸಾಗುವ ಅಥವಾ ರಸ್ತೆ ಬದಿಯಲ್ಲಿ ನಿಂತ ಟ್ರ್ಯಾಕ್ಟರ್ ಟ್ರೈಲರ್‌ಗಳು, ಬಣ್ಣ ಬಳಿಯದ ರಸ್ತೆ ಉಬ್ಬುಗಳು, ರಸ್ತೆಯ ಮೇಲೆ ಹರಡಿದ ರಾಗಿ ಹಾಗೂ ಹುರುಳಿಯ ಒಕ್ಕಣೆ ಇವು ಸವಾರನಿಗೆ ನಿತ್ಯ ಎದುರಾಗುವಂಥವು. ಒಕ್ಕಣೆಯ ಹುಲ್ಲು ಗೇರಿನ ಸರಪಳಿಗೆ ಸುತ್ತಿಕೊಂಡು ಹಿಂದಿನ ಗಾಲಿ ಸಿಕ್ಕಿಕೊಳ್ಳುವುದುಂಟು. ಹಗಲಿನಲ್ಲಿ ಕಾಣುವ ಗುಂಡಿ ರಾತ್ರಿ ಎದುರು ವಾಹನದ ಬೆಳಕಿಗೆ ಕಣ್ಣು ಕೋರೈಸಿದಾಗ ಕಾಣುವುದಿಲ್ಲ.

ನಿದ್ರಾಹೀನತೆ

ಸುಮಾರು 17 ಗಂಟೆ ಸತತವಾಗಿ ಎಚ್ಚರವಿದ್ದ ವ್ಯಕ್ತಿಯ ಪ್ರತಿಕ್ರಿಯಾ ಸಾಮರ್ಥ್ಯ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿರುವವನ ಸಾಮರ್ಥ್ಯಕ್ಕೆ ಸಮನಾಗಿ ಕುಗ್ಗುತ್ತದೆ ಎಂದು ಸಂಶೋಧನೆಗಳು ತಿಳಿಸಿವೆ. ಭಾರತದ ಮೋಟಾರು ವಾಹನ ಕಾಯ್ದೆಯು ಚಾಲಕರಿಗೆ ನಿಗದಿಪಡಿಸಿರುವ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ., ಅಂದರೆ ಶೇ. 0.03. ಶನಿವಾರ ಬೆಳಿಗ್ಗೆ 4 ಗಂಟೆಗೆ ಎದ್ದು 6 ಗಂಟೆಗೆ 600 ಕಿ.ಮೀ. ಬ್ರೆವೆಗೆ ಹೊರಟ ಸವಾರನಿಗೆ ಅದೇ ರಾತ್ರಿ 9 ಗಂಟೆಗೆ 17 ಗಂಟೆಗಳ ಎಚ್ಚರ ಪೂರ್ಣವಾಗುತ್ತದೆ. ಕಾಲಮಿತಿ ಮುಗಿಯುವುದು ಭಾನುವಾರ ರಾತ್ರಿ 10 ಗಂಟೆಗೆ. ನಡುವೆ ನಿದ್ರಿಸದಿದ್ದರೆ ಆತ ಮದ್ಯಪಾನ ಮಾಡದೆಯೇ ಅಮಲಿನಂತಹ ಸ್ಥಿತಿಯಲ್ಲಿ ಇಡೀ ಒಂದು ರಾತ್ರಿ ಮತ್ತು ಮರುದಿನ ರಸ್ತೆಯ ಮೇಲಿರುತ್ತಾನೆ.

ರಾತ್ರಿ 2ರಿಂದ ಬೆಳಗಿನ 6 ಗಂಟೆಯ ನಡುವೆ ದೇಹದ ಸಹಜ ಲಯವು ನಿದ್ರೆಯ ಕಡೆಗೆ ಬಲವಾಗಿ ಎಳೆಯುತ್ತದೆ. ಲಾರಿ ಮತ್ತು ಬಸ್ಸುಗಳ ಚಾಲಕರಿಗೂ ಇದು ತೂಕಡಿಕೆಯ ಹೊತ್ತೇ. ಹೀಗೆ ಇಬ್ಬರೂ ಏಕಕಾಲದಲ್ಲಿ ದುರ್ಬಲರಾಗಿರುವ ಈ ನಾಲ್ಕು ಗಂಟೆಗಳಲ್ಲಿ ಹೆದ್ದಾರಿಯಿಂದ ದೂರವಿರುವುದು ಅತ್ಯಂತ ಪರಿಣಾಮಕಾರಿ ಮುನ್ನೆಚ್ಚರಿಕೆ. ಒಂದೇ ಸಾಲನ್ನು ಮತ್ತೆ ಮತ್ತೆ ಗುನುಗುವುದು, ರಸ್ತೆಯ ಗೆರೆ ಎರಡಾಗಿ ಕಾಣುವುದು, ಕಳೆದ ಕೆಲವು ಕಿಲೋಮೀಟರ್‌ಗಳ ನೆನಪು ಇಲ್ಲದಿರುವುದು, ಮರದ ನೆರಳು ಮನುಷ್ಯನಂತೆ ತೋರುವುದು ನಿದ್ರೆ ಮೇಲೇರುತ್ತಿರುವುದರ ಲಕ್ಷಣಗಳು. ಕಾಫಿ, ಚಹಾ ಇದನ್ನು ಮುಂದೂಡಬಹುದೇ ಹೊರತು ನಿವಾರಿಸಲಾರವು. ಬಸ್ ನಿಲ್ದಾಣದಂತಹ ಬೆಳಕಿರುವ ಸುರಕ್ಷಿತ ಸ್ಥಳದಲ್ಲಿ 20 ನಿಮಿಷ ಮಲಗುವುದು ತಾತ್ಕಾಲಿಕ ಪರಿಹಾರ. ಕೆಲವು ಗಂಟೆಗಳ ನಿದ್ರೆಯೇ ನಿಜವಾದ ಪರಿಹಾರ.

ನಿದ್ರೆಗೆ ಸಮಯವನ್ನು ಗಳಿಸಬೇಕಾದದ್ದು ಹಗಲಿನಲ್ಲಿ. ಸರಾಸರಿ ಗಂಟೆಗೆ 22 ಕಿ.ಮೀ. ಸಾಗುವ ಸವಾರ 600 ಕಿ.ಮೀ.ಗಳನ್ನು ಸುಮಾರು 27 ಗಂಟೆ 15 ನಿಮಿಷಗಳಲ್ಲಿ ಕ್ರಮಿಸುತ್ತಾನೆ. ಊಟ, ತಪಾಸಣೆ, ದುರಸ್ತಿ, ನಿದ್ರೆಗಳಿಗೆ ಹನ್ನೆರಡೂ ಮುಕ್ಕಾಲು ಗಂಟೆ ಉಳಿಯುತ್ತದೆ. ಗಂಟೆಗೆ 18 ಕಿ.ಮೀ. ಸಾಗುವವನಿಗೆ 33 ಗಂಟೆ 20 ನಿಮಿಷ ಬೇಕು. ಉಳಿಯುವುದು ಆರು ಗಂಟೆ ನಲವತ್ತು ನಿಮಿಷ ಮಾತ್ರ. ಎರಡು ಪಂಕ್ಚರ್ ಮತ್ತು ಎದುರುಗಾಳಿ ಸೇರಿದರೆ ಆತ ಕಳೆದುಕೊಳ್ಳುವುದು ನಿದ್ರೆಯನ್ನೇ. ಆದ್ದರಿಂದ 600 ಕಿ.ಮೀ.ಗೆ ಮುನ್ನ 300 ಮತ್ತು 400 ಕಿ.ಮೀ. ಸವಾರಿಗಳಲ್ಲಿ ತನ್ನ ವೇಗವನ್ನು ತಿಳಿದುಕೊಳ್ಳುವುದು ಸಿದ್ಧತೆಯ ಮುಖ್ಯ ಭಾಗ.

ಹವಾಮಾನ ಮತ್ತು ಭೂಸ್ವರೂಪ

ಉತ್ತರ ಕರ್ನಾಟಕದ ರಾಯಚೂರು, ಬಳ್ಳಾರಿ, ಕಲಬುರಗಿ ಪ್ರದೇಶಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದೇಹದ ಉಷ್ಣಾಂಶ 40 ಡಿಗ್ರಿ ಮೀರಿ ಮಾತು ತೊದಲುವುದು, ಗೊಂದಲವಾಗುವುದು ಉಷ್ಣಾಘಾತದ ಚಿಹ್ನೆ. ಇದು ತಕ್ಷಣ ದೇಹವನ್ನು ತಂಪುಗೊಳಿಸಿ ಆಸ್ಪತ್ರೆಗೆ ಸಾಗಿಸಬೇಕಾದ ತುರ್ತುಸ್ಥಿತಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಗಂಟೆಗಟ್ಟಲೆ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ಅಪಾಯಕರ. ಔಷಧಿ ಅಂಗಡಿಗಳಲ್ಲಿ ದೊರೆಯುವ ಓಆರ್‌ಎಸ್ ಪುಡಿ, ಹಾಗೂ ಉಪ್ಪು ಹಾಕಿದ ಮಜ್ಜಿಗೆ ಸುಲಭವಾಗಿ ದೊರೆಯುವ ಉಪಾಯಗಳು.

ಮಲೆನಾಡಿನಲ್ಲಿ ಸಮಸ್ಯೆ ವಿರುದ್ಧವಾದದ್ದು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಯಲ್ಲಿ ನೆನೆದು ಘಾಟಿ ಹತ್ತುವಾಗ ಬೆವರುವ ಸವಾರ, ಇಳಿಯುವಾಗ ಗಾಳಿಗೆ ನಡುಗತೊಡಗುತ್ತಾನೆ. ಬೆರಳುಗಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ಕಷ್ಟವಾಗುತ್ತದೆ. ರಿಮ್ ಬ್ರೇಕುಗಳು ಒದ್ದೆಯಾದಾಗ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಮಾರ್ಗವೇ ಇಲ್ಲವಾಗುವ ಸಂಭವವೂ ಉಂಟು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರಲ್ಲಿ ಚಾರ್ಮಾಡಿ ಘಾಟಿಯಲ್ಲಿ, 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡಗಳು ಕುಸಿದವು. ಶಿರೂರಿನಲ್ಲಿ ಕುಸಿದದ್ದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಮಾರ್ಗಕ್ಕೆ ಬದಲಿ ದಾರಿಯನ್ನು ಮೊದಲೇ ಗುರುತಿಸಿಕೊಳ್ಳಬೇಕಾಗುತ್ತದೆ.

ವನ್ಯಜೀವಿಗಳು ಮತ್ತು ರೋಗಗಳು

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ಇದು ದೇಶದ ಯಾವುದೇ ರಾಜ್ಯಕ್ಕಿಂತ ಹೆಚ್ಚು. ಸೈಕಲ್ ಶಬ್ದವಿಲ್ಲದೆ ಸಾಗುವುದರಿಂದ ಆನೆಗೂ ಸವಾರನಿಗೂ ಪರಸ್ಪರ ಅರಿವಾಗುವ ಹೊತ್ತಿಗೆ ಅಂತರ ತೀರಾ ಕಡಿಮೆಯಾಗಿರುತ್ತದೆ. ಕಾರಿನಲ್ಲಿರುವವರಿಗೆ ಇರುವ ಲೋಹದ ಕವಚವೂ ಇಲ್ಲ. ಮುಂಜಾನೆ ಮತ್ತು ಮುಸ್ಸಂಜೆ ಕಾಡಿನ ರಸ್ತೆಗಳನ್ನು ವರ್ಜಿಸುವುದು, ಆನೆ ಕಂಡಾಗ ದೂರದಲ್ಲೇ ನಿಂತು ಹಿಂದಿರುಗುವುದು, ಬಸ್ ಅಥವಾ ಲಾರಿಯ ಜೊತೆಗೂಡಿ ದಾಟುವುದು ರೂಢಿಯಲ್ಲಿರುವ ಕ್ರಮಗಳು.

ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಕರ್ನಾಟಕ ಉಚ್ಚ ನ್ಯಾಯಾಲಯವು 2010ರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಕಾನೂನನ್ನು ಪಾಲಿಸುವುದೂ ಸುರಕ್ಷಿತವಾಗಿರುವುದೂ ಒಂದೇ ಅಲ್ಲ ಎಂಬುದಕ್ಕೆ ಈ ಮಾರ್ಗ ಉತ್ತಮ ನಿದರ್ಶನ. ಬೆಂಗಳೂರಿನಿಂದ ಗುಂಡ್ಲುಪೇಟೆಗೆ ಸುಮಾರು 200 ಕಿ.ಮೀ. ಬೆಳಿಗ್ಗೆ 6ಕ್ಕೆ ಹೊರಟು, ವಿರಾಮವೂ ಸೇರಿ ಗಂಟೆಗೆ ಸರಾಸರಿ 15 ಕಿ.ಮೀ. ಸಾಗುವ ಸವಾರ ಅಲ್ಲಿಗೆ ತಲುಪುವುದು ಸಂಜೆ 7.20ಕ್ಕೆ. ತಪಾಸಣಾ ಗೇಟು ತೆರೆದೇ ಇರುತ್ತದೆ, ಆದರೆ ಮುಂದಿನ ಕಾಡು ಆಗಲೇ ಕತ್ತಲಾಗಿರುತ್ತದೆ. ಗುಂಡ್ಲುಪೇಟೆಯಲ್ಲೇ ತಂಗಿ, ಬೆಳಕು ಹರಿದ ಮೇಲೆ ಅರಣ್ಯ ಸಿಬ್ಬಂದಿಯ ಸೂಚನೆ ಪಡೆದು ಮುಂದುವರಿಯುವ ಯೋಜನೆಯೇ ವಿವೇಕಯುತ. ಹೆದ್ದಾರಿ ಬಿಟ್ಟು ಅಭಯಾರಣ್ಯದ ಒಳದಾರಿಗಳಲ್ಲಿ ಸಾಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಅಗತ್ಯ.

ಕಾಡುಪ್ರಾಣಿಗಳಿಗಿಂತ ಹೆಚ್ಚಾಗಿ ಎದುರಾಗುವುದು ಬೀದಿನಾಯಿಗಳು. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಆರಂಭಿಸಬೇಕು. ಸವಾರಿ ಮುಗಿದ ಮೇಲೆ ನೋಡೋಣವೆಂದು ಮುಂದೂಡುವುದು ಪ್ರಾಣಾಂತಿಕವಾಗಬಹುದು. ಹಾವು ಕಚ್ಚಿದಾಗ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದಂತೆ ಇರಿಸಿ ವಿಷನಿವಾರಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಸಾಗಿಸಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಒಣ ತಿಂಗಳುಗಳಲ್ಲಿ ಮಲೆನಾಡಿನ ಕಾಡಂಚಿನಲ್ಲಿ ಎಲೆಗಳ ಮೇಲೆ ಮಲಗುವವರು ಈ ಬಗ್ಗೆ ಎಚ್ಚರದಿಂದಿರಬೇಕಾಗುತ್ತದೆ.

ಪಶ್ಚಿಮ ಬೆಂಗಳೂರಿನ ಉದಾಹರಣೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಸವಾರರಿಗೆ ನಗರದಿಂದ ಹೊರಬೀಳಲು ಮುಖ್ಯವಾಗಿ ಮೂರು ದಾರಿಗಳಿವೆ. ಈ ಮೂರರ ಹೋಲಿಕೆಯಿಂದ ಮಾರ್ಗದ ಆಯ್ಕೆಯೇ ಅಪಾಯ ನಿರ್ವಹಣೆಯ ಮೊದಲ ಹೆಜ್ಜೆ ಎಂಬುದು ಸ್ಪಷ್ಟವಾಗುತ್ತದೆ.

ತುಮಕೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 48ರ ಭಾಗ. ನೆಲಮಂಗಲದಲ್ಲಿ ಕವಲೊಡೆಯುವ ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್, ಹಾಸನ, ಸಕಲೇಶಪುರ ಮತ್ತು ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗುತ್ತದೆ. ರಸ್ತೆ ಅಗಲವಾಗಿದೆ, ಊಟ ಮತ್ತು ನೀರು ರಾತ್ರಿಯೂ ದೊರೆಯುತ್ತವೆ, ಮೊಬೈಲ್ ಸಂಪರ್ಕವಿರುತ್ತದೆ. ಆದರೆ ವೇಗದ ವಾಹನಗಳ ಅಪಾಯವೂ ಇಲ್ಲಿಯೇ ಹೆಚ್ಚು.

ಮೈಸೂರು ರಸ್ತೆ ಕೆಂಗೇರಿಯನ್ನು ಹಾದು ಹೋಗುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ಹಾಗೂ ಮೋಟಾರುರಹಿತ ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ ಸವಾರರು ಸೇವಾ ರಸ್ತೆಯಲ್ಲಿ ಸಾಗಬೇಕು. ಹಳೆಯ ನಕ್ಷೆ ಅಥವಾ ಹಳೆಯ ಜಿಪಿಎಸ್ ಕಡತವನ್ನು ನಂಬಿ ಹೊರಟವರು ಇಲ್ಲಿ ನಿಷಿದ್ಧ ಪಥವನ್ನು ಸೇರಿಬಿಡುವ ಸಂಭವವಿದೆ.

ಮಾಗಡಿ ರಸ್ತೆ ತಾವರೆಕೆರೆಯ ಮೂಲಕ ಮಾಗಡಿಗೆ ಹೋಗುತ್ತದೆ. ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳು, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗ ಬೆಟ್ಟ ಈ ದಿಕ್ಕಿನಲ್ಲಿವೆ. ಏರಿಳಿತದ ದಾರಿ, ಕಚ್ಚಾ ಕವಲುಗಳು ಮತ್ತು ಕಡಿಮೆ ಸಂಚಾರದಿಂದಾಗಿ ಬೈಕ್‌ಪ್ಯಾಕಿಂಗ್ ಅಭ್ಯಾಸಕ್ಕೆ ಇದು ಅನುಕೂಲ. ಆದರೆ ಸಾವನದುರ್ಗ, ಮಾಗಡಿ ಸುತ್ತಲಿನ ಕಾಡುಗಳಲ್ಲಿ ಚಿರತೆಗಳಿವೆ. ಆನೆಗಳೂ ಬಂದು ಹೋಗುತ್ತವೆ. ಬಂಡೆಗಳ ನಡುವಿನ ತಗ್ಗುಗಳಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗುತ್ತದೆ. ಮನೆಯಿಂದ ಅರವತ್ತು ಕಿಲೋಮೀಟರ್ ದೂರದಲ್ಲಿಯೇ ನಿರ್ಜನ ಪ್ರದೇಶದ ಎಲ್ಲ ಲಕ್ಷಣಗಳೂ ಇರುವುದರಿಂದ, ಹೊಸ ಉಪಕರಣಗಳನ್ನೂ ರಾತ್ರಿ ತಂಗುವ ಕ್ರಮವನ್ನೂ ಪರೀಕ್ಷಿಸಲು ಇಂತಹ ಹತ್ತಿರದ ಹಾದಿಗಳೇ ಸೂಕ್ತ. ಇಲ್ಲಿ ತಪ್ಪಿದರೆ ಹಿಂದಿರುಗುವುದು ಸುಲಭ. ಕುದುರೆಮುಖದ ತಪ್ಪಲಿನಲ್ಲಿ ಹಾಗಲ್ಲ.

ಸಿದ್ಧತೆ

ಸೈಕಲ್ ಮತ್ತು ಉಪಕರಣಗಳು

ಉಪಕರಣಗಳ ಆಯ್ಕೆಯಲ್ಲಿ ಪಾಲಿಸುವ ಮುಖ್ಯ ನಿಯಮವೆಂದರೆ ಪ್ರಾಣಕ್ಕೆ ಸಂಬಂಧಿಸಿದ ಯಾವುದೂ ಒಂದೇ ಇರಬಾರದು. ದೀಪಗಳು ಎರಡು, ಬೆಂಕಿಯ ಸಾಧನ ಎರಡು, ಮಾರ್ಗಸೂಚಿ ಫೋನಿನಲ್ಲೊಂದು ಮತ್ತು ಕಾಗದದ ಮೇಲೊಂದು. ಪಂಪು, ಕನಿಷ್ಠ ಎರಡು ಟ್ಯೂಬ್, ತೇಪೆ ಸಾಮಗ್ರಿ, ಬಹೂಪಯೋಗಿ ಉಪಕರಣ, ಸರಪಳಿಯ ಕೊಂಡಿ, ಬ್ರೇಕ್ ಪ್ಯಾಡ್ ಮತ್ತು ಗೇರ್ ಹ್ಯಾಂಗರ್ ಸಾಮಾನ್ಯವಾಗಿ ಒಯ್ಯುವ ವಸ್ತುಗಳು.

ಹಳ್ಳಿಗಳ ಸೈಕಲ್ ಅಂಗಡಿಗಳಲ್ಲಿ ದೊರೆಯುವ ಬಿಡಿಭಾಗಗಳು ಹೆಚ್ಚಾಗಿ ಹಳೆಯ ಮಾದರಿಯ ಸೈಕಲ್‌ಗಳಿಗೆ ಹೊಂದುವಂಥವು. ಸಾಂಪ್ರದಾಯಿಕ 28 ಇಂಚಿನ ಗಾಲಿಯ ರಿಮ್ ವ್ಯಾಸ 635 ಮಿ.ಮೀ.; ಇಂದಿನ 700ಸಿ ಗಾಲಿಯದು 622 ಮಿ.ಮೀ. ಇವುಗಳ ಟೈರುಗಳು ಪರಸ್ಪರ ಹೊಂದುವುದಿಲ್ಲ. ತೆಳುವಾದ ಪ್ರೆಸ್ಟಾ ವಾಲ್ವಿಗೆ ಪಂಕ್ಚರ್ ಅಂಗಡಿಯ ಗಾಳಿಯಂತ್ರ ನೇರವಾಗಿ ಹಿಡಿಯುವುದಿಲ್ಲ. ಕೆಲವೇ ರೂಪಾಯಿಗಳ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿದ್ದರೆ ರಾಜ್ಯದ ಯಾವುದೇ ಪೆಟ್ರೋಲ್ ಬಂಕಿನ ಗಾಳಿಯಂತ್ರವೂ ಬಳಕೆಗೆ ಬರುತ್ತದೆ.

ಆಹಾರ ಮತ್ತು ನೀರು

ಮಲೆನಾಡಿನ ಸಣ್ಣ ಊರುಗಳಲ್ಲಿ ಅಂಗಡಿಗಳು ಸಾಮಾನ್ಯವಾಗಿ ಬೇಗ ಮುಚ್ಚುತ್ತವೆ. ಆದ್ದರಿಂದ ಕತ್ತಲಾಗುವ ಮುನ್ನವೇ ಮರುದಿನ ಬೆಳಗಿನವರೆಗಿನ ಆಹಾರವನ್ನು ಕೊಂಡಿಟ್ಟುಕೊಳ್ಳುವುದು ರೂಢಿ. ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಖರ್ಜೂರ, ಹುರಿಗಡಲೆ, ಬೆಲ್ಲ ಇವು ಕೆಡದ, ಸುಲಭವಾಗಿ ದೊರೆಯುವ ತಿನಿಸುಗಳು. ಹೊಳೆಯ ನೀರನ್ನು ಶುದ್ಧೀಕರಣ ಮಾತ್ರೆ ಅಥವಾ ಸೋಸುಕವಿಲ್ಲದೆ ಬಳಸುವುದಿಲ್ಲ.

ಸಂಪರ್ಕ ಮತ್ತು ತುರ್ತು ನೆರವು

ವಿದೇಶಗಳ ಬೈಕ್‌ಪ್ಯಾಕಿಂಗ್ ಸ್ಪರ್ಧೆಗಳಲ್ಲಿ ಪ್ರತಿ ಸವಾರನ ಬಳಿ ಉಪಗ್ರಹ ಆಧಾರಿತ ಸಂದೇಶ ಸಾಧನವಿರುವುದು ಸಾಮಾನ್ಯ. ಭಾರತದಲ್ಲಿ ಉಪಗ್ರಹ ಫೋನ್ ಮತ್ತು ಗಾರ್ಮಿನ್ ಇನ್‌ರೀಚ್‌ನಂತಹ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಹೊಂದುವುದು ಅಪರಾಧ. ಇಂತಹ ಸಾಧನಗಳನ್ನು ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದದ್ದುಂಟು. ಹೀಗಾಗಿ ವಿದೇಶಿ ಕೈಪಿಡಿಗಳು ಮೊದಲ ಸ್ಥಾನ ನೀಡುವ ರಕ್ಷಣಾ ಸಾಧನ ಇಲ್ಲಿನ ಸವಾರನಿಗೆ ಲಭ್ಯವಿಲ್ಲ. ಅದರ ಸ್ಥಾನವನ್ನು ತುಂಬಬೇಕಾದದ್ದು ಮನುಷ್ಯ ಸಂಪರ್ಕ.

ಇದಕ್ಕಾಗಿ ಸವಾರರು ಹೊರಡುವ ಮುನ್ನ ಮನೆಯವರಿಗೆ ಒಂದು ಬರಹದ ಯೋಜನೆಯನ್ನು ಕೊಡುತ್ತಾರೆ. ಮಾರ್ಗ, ನಿರೀಕ್ಷಿತ ಸಮಯಗಳು, ಸಂಪರ್ಕವಿಲ್ಲದ ಭಾಗಗಳು, ರಕ್ತದ ಗುಂಪು, ಔಷಧಿಗಳ ಅಲರ್ಜಿ ಇದರಲ್ಲಿರುತ್ತವೆ. ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದೂ ಇರಬೇಕು. ನಕ್ಷೆಯ ಮೇಲೆ ಚಲಿಸುವ ಚುಕ್ಕಿ ನಿಂತಾಗ ಅದು ಊಟವೋ, ನಿದ್ರೆಯೋ, ಸಂಪರ್ಕದ ಕೊರತೆಯೋ, ಅಪಘಾತವೋ ಎಂದು ಮನೆಯಲ್ಲಿದ್ದವರಿಗೆ ತಿಳಿಯುವುದಿಲ್ಲ. ಗಡುವನ್ನು ಮೊದಲೇ ಗೊತ್ತುಪಡಿಸಿದರೆ ಅನಗತ್ಯ ಆತಂಕವೂ ತಪ್ಪುತ್ತದೆ, ಅಗತ್ಯವಾದಾಗ ವಿಳಂಬವೂ ತಪ್ಪುತ್ತದೆ.

ತುರ್ತು ಸಂದರ್ಭದಲ್ಲಿ 112 ಎಲ್ಲ ಸೇವೆಗಳಿಗೆ ಸಾಮಾನ್ಯ ಸಂಖ್ಯೆ. ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಗಳಲ್ಲಿನ ನೆರವಿಗೆ 1033 ಸಂಖ್ಯೆಗಳಿವೆ. ಅಪಘಾತಕ್ಕೀಡಾದವರಿಗೆ ಸದುದ್ದೇಶದಿಂದ ನೆರವಾಗುವವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸೇರಿಸಲಾದ 134ಎ ಪ್ರಕರಣ ಕಾನೂನಿನ ರಕ್ಷಣೆ ನೀಡುತ್ತದೆ. ಅಪಘಾತ ವಿಮೆಯ ಅನೇಕ ಪಾಲಿಸಿಗಳು ಸ್ಪರ್ಧೆ ಮತ್ತು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆಯಾದ್ದರಿಂದ ಷರತ್ತುಗಳನ್ನು ಮುಂಚಿತವಾಗಿ ಓದಿಕೊಳ್ಳುವುದು ಅಗತ್ಯ.

ಸವಾರಿಯನ್ನು ನಿಲ್ಲಿಸುವ ನಿರ್ಧಾರ

ಅಪಾಯ ನಿರ್ವಹಣೆಯಲ್ಲಿ ಅತ್ಯಂತ ಕಠಿಣವಾದದ್ದು ಸವಾರಿಯನ್ನು ಅರ್ಧಕ್ಕೆ ಬಿಡುವ ನಿರ್ಧಾರ. 400 ಕಿ.ಮೀ. ಕ್ರಮಿಸಿದ ಮೇಲೆ ಉಳಿದ 200 ಕಿ.ಮೀ. ಬಿಟ್ಟುಬಿಡಲು ಮನಸ್ಸು ಒಪ್ಪುವುದಿಲ್ಲ. ಒಂದೇ ವರ್ಷದ ಅವಧಿಯಲ್ಲಿ 200, 300, 400, 600 ಕಿ.ಮೀ.ಗಳ ಬ್ರೆವೆಗಳನ್ನು ಮುಗಿಸಿದವರಿಗೆ ಸೂಪರ್ ರ‍್ಯಾಂಡನರ್ ಎಂಬ ಮಾನ್ಯತೆ ದೊರೆಯುತ್ತದೆ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ ಅರ್ಹತೆಗೂ ಈ ಸರಣಿ ಬೇಕು. ಸರಣಿಯ ಕೊನೆಯ ಸವಾರಿಯಲ್ಲಿರುವವನ ಮೇಲೆ ಒತ್ತಡ ಇನ್ನೂ ಹೆಚ್ಚು.

ಇದರ ಮೂಲ ತೊಡಕೆಂದರೆ, ನಿರ್ಧಾರ ತೆಗೆದುಕೊಳ್ಳಬೇಕಾದ ಹೊತ್ತಿಗೆ ನಿರ್ಧರಿಸುವ ಶಕ್ತಿಯೇ ಕುಂದಿರುತ್ತದೆ. ನಿದ್ರೆ, ಶೀತ, ಹಸಿವುಗಳಿಂದ ಬಳಲಿದ ಮಿದುಳು ತನ್ನ ಬಳಲಿಕೆಯನ್ನು ತಾನೇ ಕಡಿಮೆಯೆಂದು ಅಂದಾಜಿಸುತ್ತದೆ. ಆದ್ದರಿಂದ ಅನುಭವಿಗಳು ನಿಲ್ಲುವ ನಿಯಮಗಳನ್ನು ಮನೆಯಲ್ಲಿಯೇ, ಸ್ವಸ್ಥ ಮನಸ್ಸಿನಲ್ಲಿ ಬರೆದಿಡುತ್ತಾರೆ. ಎರಡನೆಯ ಬಾರಿ ತೂಕಡಿಸಿದರೆ ನಿಲ್ಲುವುದು, ಹಿಂದಿನ ದೀಪ ಕೆಟ್ಟರೆ ರಾತ್ರಿ ಮುಂದುವರಿಯದಿರುವುದು, ತಲೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಸವಾರಿ ಮುಗಿಸುವುದು, ನಡುಕ ನಿಲ್ಲದಿದ್ದರೆ ಘಾಟಿ ಇಳಿಯದಿರುವುದು ಇಂತಹ ನಿಯಮಗಳು. ದಾರಿಯಲ್ಲಿ ಅವುಗಳನ್ನು ಚರ್ಚಿಸುವುದಿಲ್ಲ, ಪಾಲಿಸುತ್ತಾರೆ.

ಬ್ರೆವೆಯನ್ನು ತ್ಯಜಿಸಿದವರು ಸಂಘಟಕರಿಗೆ ತಿಳಿಸಬೇಕು. ಇಲ್ಲವಾದರೆ ಹಾದಿಯಲ್ಲಿ ಇಲ್ಲದವರಿಗಾಗಿ ಹುಡುಕಾಟ ನಡೆಯಬಹುದು. ತ್ಯಜಿಸಿದ್ದಕ್ಕೆ ಯಾವ ದಂಡವೂ ಇಲ್ಲ. ಆ ಸವಾರಿ ಮಾನ್ಯವಾಗುವುದಿಲ್ಲ, ಅಷ್ಟೆ. ಅದೇ ದೂರವನ್ನು ಮತ್ತೊಮ್ಮೆ ಪ್ರಯತ್ನಿಸುವ ಅವಕಾಶ ಸದಾ ಇರುತ್ತದೆ. ಹೊರಡುವ ಮುನ್ನ ಹಿಂದಿರುಗುವ ಬಸ್ಸು ಮತ್ತು ರೈಲುಗಳ ವೇಳೆಯನ್ನು ತಿಳಿದಿರುವುದೂ, ಪ್ರಯಾಣಕ್ಕೆ ಬೇಕಾದಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಳ್ಳುವುದೂ ಈ ನಿರ್ಧಾರವನ್ನು ಸುಲಭಗೊಳಿಸುತ್ತವೆ. ಮನೆಗೆ ಮರಳುವ ದಾರಿ ಗೊತ್ತಿರುವ ಸವಾರ ಸಕಾಲದಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು.

ಇವನ್ನೂ ನೋಡಿ

• ಸೈಕಲ್
• ಪಶ್ಚಿಮ ಘಟ್ಟಗಳು
• ಬಂಡೀಪುರ ರಾಷ್ಟ್ರೀಯ ಉದ್ಯಾನ
• ಮಂಗನ ಕಾಯಿಲೆ
• ಪ್ರಥಮ ಚಿಕಿತ್ಸೆ
• ರಾಜಾಜಿನಗರ